ಮಡ್‌ಗಾರ್ಡಿನೊಳಗಿನ ಮೂರಕ್ಷರ

ವಾಹನ ತಪಾಸಣೆಯ ಅಧಿಕಾರಿ ಕಾರಿನ ಬಲಗಡೆಯ ಹಿಂಚಕ್ರದ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಮಡ್‌ಗಾರ್ಡಿನ ಅಂಚಿನಲ್ಲಿ ಬಟಾಣಿ ಕಾಳಿನಷ್ಟು ಉಬ್ಬಿದ್ದ ಬಣ್ಣವನ್ನು ಸ್ಕ್ರೂಡ್ರೈವರಿನ ತುದಿಯಿಂದ ಮೆಲ್ಲಗೆ ಒತ್ತಿದ. ತುದಿ ಬಿಸ್ಕತ್ತಿನೊಳಗೆ ಇಳಿದಂತೆ ಸಲೀಸಾಗಿ ಒಳಗೆ ಇಳಿಯಿತು. ಅವನೇ ಒಂದು ಕ್ಷಣ ಪೆಚ್ಚಾದ. ಆಮೇಲೆ ಎದ್ದು ಮಂಡಿ ಕೊಡವಿಕೊಂಡು, ಒಂದು ತಿಂಗಳೊಳಗೆ ಸರಿ ಮಾಡಿಸಿ ತನ್ನಿ, ಇಲ್ಲದಿದ್ದರೆ ಈ ಕಾರು ರಸ್ತೆಗೆ ಇಳಿಯುವ ಹಾಗಿಲ್ಲ ಎಂದು ಚೀಟಿ ಬರೆದುಕೊಟ್ಟ.

ಬೇರೆ ಯಾರಾದರೂ ಆಗಿದ್ದರೆ ಹಣೆ ಚಚ್ಚಿಕೊಳ್ಳುತ್ತಿದ್ದರು. ಟೈಲರಮ್ಮ ಮಾತ್ರ ಬಗ್ಗಿ ಆ ತೂತಿನೊಳಗೆ ಕಣ್ಣಿಟ್ಟು ನೋಡಿದಳು.

ಅವಳ ಸ್ವಭಾವವೇ ಅಂಥದ್ದು. ಮನೆಯ ಮುಂದಿನ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಹೊಲಿಗೆ ಯಂತ್ರ ತುಳಿಯುತ್ತಿದ್ದವಳು. ಯಾರಾದರೂ ಹರಿದ ಕೋಟು ತಂದುಕೊಟ್ಟರೆ ಮೊದಲು ಅದನ್ನು ಒಳಹೊರಗೆ ಮಾಡಿ ಹಾಸುತ್ತಿದ್ದಳು. ಎಲ್ಲಿ ಹರಿದಿದೆ ಎನ್ನುವುದಕ್ಕಿಂತ ಏಕೆ ಹರಿಯಿತು ಎನ್ನುವುದು ತಿಳಿಯದೆ ಸೂಜಿಗೆ ದಾರ ಪೋಣಿಸಿದವಳಲ್ಲ. ಗಂಡ ಗೂಡ್ಸ್ ರೈಲು ಓಡಿಸುವವನು. ವಾರಕ್ಕೆ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಉಳಿದಂತೆ ಮನೆಯಲ್ಲಿ ಅವಳು ಮತ್ತು ಮಾವ. ಮಾವ ನಲವತ್ತು ವರ್ಷ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸಿ ನಿವೃತ್ತರಾದವರು. ಸೊಸೆ ಎಲ್ಲದರಲ್ಲೂ ಮೂಗು ತೂರಿಸುತ್ತಾಳೆ ಎಂದು ಬಂದವರೆದುರು ದೂರುವುದು ಅವರ ಅಭ್ಯಾಸ. ಅವಳು ತೂರಿಸಿ ತಂದ ಸುದ್ದಿಯನ್ನೆಲ್ಲ ಮೊದಲು ಕೇಳುವವರೂ ಅವರೇ.

ಕಾರಿಗೆ ಮೂವತ್ತು ವರ್ಷ ವಯಸ್ಸು. ಎರಡು ವರ್ಷದ ಹಿಂದೆ, ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡಿನ ನರ್ಸಾಗಿದ್ದ ಸಿಸ್ಟರಮ್ಮನಿಂದ ಅದನ್ನು ಕೊಂಡಿದ್ದಳು. ಕಣ್ಣು ಮಂಜಾಯಿತು, ಇನ್ನು ನಾನು ಓಡಿಸಿದರೆ ಜನರ ಗತಿ ಏನು ಎಂದು ಸಿಸ್ಟರಮ್ಮ ತಾವೇ ಕೀಲಿಕೈ ಕೊಟ್ಟಿದ್ದರು.

ಮೂರು ಬೀದಿ ಆಚೆ ಒಬ್ಬ ಟಿಂಕರಿಂಗ್ ಮೇಸ್ತ್ರಿ ಇದ್ದ. ಮಾತು ಆಡಿದರೆ ಮುತ್ತು ಉದುರಿ ಹೋಗುತ್ತದೇನೋ ಎನ್ನುವಂಥ ಮನುಷ್ಯ. ಕಾರನ್ನು ಸುತ್ತು ಹಾಕಿ ನೋಡಿದ. ಈ ಮಾದರಿಯ ಮಡ್‌ಗಾರ್ಡು ಈಗ ಎಲ್ಲೂ ಸಿಗುವುದಿಲ್ಲ, ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ಕೂರಿಸಬೇಕು, ಸೋಮವಾರ ಬನ್ನಿ ಎಂದ. ಪಕ್ಕದಲ್ಲಿ ಕೂತು ನೋಡಬಹುದೇ ಎಂದು ಟೈಲರಮ್ಮ ಕೇಳಿದಳು. ಮೇಸ್ತ್ರಿ ಸ್ವಲ್ಪ ಯೋಚಿಸಿ ಎರಡು ಷರತ್ತು ಹಾಕಿದ: ವೆಲ್ಡಿಂಗ್ ಬೆಂಕಿಯನ್ನು ಬರಿಗಣ್ಣಲ್ಲಿ ನೋಡಬಾರದು, ಪ್ರಶ್ನೆ ಕೇಳಬಾರದು. ಮೊದಲನೆಯದನ್ನು ಅವಳು ಕೊನೆಯವರೆಗೂ ಪಾಲಿಸಿದಳು.

ಸೋಮವಾರ ಅವಳು ಒಂದು ಸ್ಟೂಲು ತಂದು ಹಾಕಿಕೊಂಡು ಕೂತಳು. ಮೇಸ್ತ್ರಿ ಸುತ್ತಿಗೆಯ ಹಿಡಿಯಿಂದ ಚಕ್ರದ ಕಮಾನಿನ ಉದ್ದಕ್ಕೂ ತಟ್ಟುತ್ತ ಹೋದ. ಗಟ್ಟಿ ಇರುವಲ್ಲಿ ಟಣ್ ಎಂದಿತು. ಕೆಳಗೆ ಬಂದಂತೆ ದಬ್ ಎಂದಿತು. ದಬ್ ಎಂದ ಕಡೆಯೆಲ್ಲ ಸೀಮೆಸುಣ್ಣದಿಂದ ಗೆರೆ ಎಳೆದ. ಬಟ್ಟೆಯ ಮೇಲೆ ತಾನು ಗುರುತು ಹಾಕುವ ಹಾಗೇ ಇದೆಯಲ್ಲ ಎಂದುಕೊಂಡು ಅವಳು ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.

ಬಣ್ಣ ಕೆರೆದಾಗ ಕೆಳಗೆ ತಗ್ಗು ಮುಚ್ಚಲು ಮೆತ್ತಿದ ಬೆರಳು ದಪ್ಪದ ಪುಟ್ಟಿ ಬಂತು. ಹಿಂದೆ ಯಾರೋ ಒಮ್ಮೆ ಇಲ್ಲಿ ಕೆಲಸ ಮಾಡಿದ್ದಾರೆ ಎಂದ ಮೇಸ್ತ್ರಿ. ಕಮಾನಿನ ಒಳಮಡಿಕೆಗೆ ಸಲಾಕೆ ಹಾಕಿ ಎಳೆದರೆ ವರ್ಷಗಟ್ಟಲೆ ಕೂತಿದ್ದ ಕೆಸರು ಇಟ್ಟಿಗೆಯ ಚೂರಿನಂತೆ ಕಳಚಿ ಬಿತ್ತು. ಮುರಿದು ನೋಡಿದರೆ ಒಳಗೆ ಇನ್ನೂ ಹಸಿ.

"ನೀರು ಇಳಿಯೋಕೆ ಇಲ್ಲೊಂದು ತೂತು ಇತ್ತು. ಅದು ಕಟ್ಕೊಂಡಿದೆ. ಬೇಸಿಗೇಲೂ ಒಳಗೆ ಒದ್ದೆ ಬಟ್ಟೆ ಸುತ್ತಿಟ್ಟ ಹಾಗೆ," ಎಂದ. ಕೇಳದೆಯೇ ಅವನು ಅಷ್ಟು ಉದ್ದಕ್ಕೆ ಮಾತಾಡಿದ್ದು ಅದೇ ಮೊದಲು.

ಪುಟ್ಟಿಯ ಕೆಳಗೆ ಒಂದು ಹಳೆಯ ತೇಪೆ ಇತ್ತು. ಎರಡು ಗೇಣು ಉದ್ದದ ತಗಡನ್ನು ತೂತಿನ ಮೇಲಿಟ್ಟು ಸುತ್ತ ರಿವೆಟ್ ಮೊಳೆ ಹೊಡೆದಿದ್ದರು. ಸುತ್ತಲಿನ ಕಬ್ಬಿಣ ಕೊಳೆತಿದ್ದರೂ ತೇಪೆ ಮಾತ್ರ ಹಾಗೇ ಇತ್ತು. ಮೇಸ್ತ್ರಿ ರಿವೆಟ್‌ಗಳ ತಲೆ ಹಾರಿಸಿ, ತಗಡನ್ನು ಕಿತ್ತು ಗುಜರಿಯ ರಾಶಿಯತ್ತ ಎಸೆದ. ಅದು ಮಗುಚಿ ಬಿತ್ತು. ಬಿದ್ದದ್ದೇ ತಡ, ಟೈಲರಮ್ಮ ಎದ್ದು ಹೋಗಿ ಎತ್ತಿಕೊಂಡಳು.

ಒಳಮೈಗೆ ಬಿಳಿಯ ಬಣ್ಣ ಬಳಿದಿತ್ತು. ಬಿಳಿಯ ಮೇಲೆ ನೀಲಿ ಬಣ್ಣದಲ್ಲಿ ಅಂಗೈ ಅಗಲದ ದುಂಡನೆಯ ಅಕ್ಷರಗಳು: ಗಬೇಡಿ.

ಹಿಂದಿನ ಅಕ್ಷರವೂ ಮೇಲ್ಭಾಗವೂ ಕತ್ತರಿಸಿ ಹೋಗಿದ್ದವು. ಯಾವುದೋ ನಾಮಫಲಕವನ್ನು ಕೊಯ್ದು ಮಾಡಿದ ತೇಪೆ ಅದು. ಯಾರೋ ಯಾರಿಗೋ ಏನನ್ನೋ ಬೇಡ ಎಂದಿದ್ದಾರೆ. ಏನನ್ನು?

"ಒರಗಬೇಡಿ ಅಂತಿರುತ್ತೆ," ಎಂದ ಮೇಸ್ತ್ರಿ. "ನನ್ನ ಗೋಡೆಗೂ ಒಂದು ಬೇಕು."

ಆ ಮಧ್ಯಾಹ್ನ ಹೊಲಿಗೆ ಮೇಜಿನ ಮೇಲೆ, ಅರ್ಧ ಹೊಲಿದ ಪರದೆಗಳ ನಡುವೆ ತಗಡನ್ನಿಟ್ಟು ಮಾವ ಸೊಸೆ ಇಬ್ಬರೂ ಕೂತರು. ಮಾವ ಹೋಗಬೇಡಿ ಎಂದೇ ಹಟ ಹಿಡಿದರು. ಸೇತುವೆಯ ಹತ್ತಿರ ಹಾಕಿದ ಫಲಕವಾಗಿರಬೇಕು ಎಂದರು. ಟೈಲರಮ್ಮನಿಗೆ ಮಲಗಬೇಡಿ ಎಂದಿರಬಹುದು ಅನ್ನಿಸಿತು, ಬಸ್ ನಿಲ್ದಾಣದ ಬೆಂಚಿನ ಮೇಲಿನದ್ದು. ರೈಲಿನಿಂದ ಫೋನು ಮಾಡಿದ ಗಂಡನಿಗೂ ಪ್ರಶ್ನೆ ಹೋಯಿತು. ಅವನು, ಬಾಗಬೇಡಿ, ಕಿಟಕಿಯಿಂದ ಹೊರಗೆ ಬಾಗಬೇಡಿ ಎಂದು ತನ್ನ ಕಸುಬಿಗೆ ತಕ್ಕ ಉತ್ತರ ಕೊಟ್ಟು ಫೋನಿಟ್ಟ. ಸಂಜೆ ಕುಪ್ಪಸದ ಅಳತೆ ಕೊಡಲು ಬಂದವರೂ ಒಂದೊಂದು ಊಹೆ ಬಿಟ್ಟುಕೊಟ್ಟು ಹೋದರು.

ಮಾರನೆಯ ದಿನ ಅವಳಿಗೆ ಹೊಳೆಯಿತು. ಕಾರಿನ ಬಣ್ಣ ಎಡಗಡೆಯ ಕಮಾನಿನಲ್ಲೂ ಒಂಚೂರು ಬೇರೆ ಛಾಯೆಯಲ್ಲಿತ್ತು. ಅಲ್ಲೂ ತೇಪೆ ಇದ್ದರೆ, ಒಂದೇ ಫಲಕದ ಎರಡು ತುಂಡು ಯಾಕಾಗಿರಬಾರದು? ಮೇಸ್ತ್ರಿಗೆ ಹೇಳಿದಳು. ಅವನು ಎಡಗಡೆ ತಟ್ಟಿ ನೋಡಿದ. ಉದ್ದಕ್ಕೂ ಟಣ್ ಟಣ್ ಎಂದಿತು.

"ಗಟ್ಟಿ ಇರೋದನ್ನ ಒಡೆಯಲ್ಲ ನಾನು," ಎಂದ. "ನಿಮ್ಮ ಕುತೂಹಲಕ್ಕೆ ಕಾರಿಗೆ ಯಾಕೆ ಗಾಯ?"

ಮಾತು ನ್ಯಾಯವಾಗಿತ್ತು. ಅವಳು ಸ್ಟೂಲಿಗೆ ಮರಳಿದಳು. ಅಂದು ಹೊಸ ತಗಡಿನ ಕೆಲಸ. ಮೇಸ್ತ್ರಿ ರಟ್ಟಿನಲ್ಲಿ ಅಳತೆ ತೆಗೆದು, ತಗಡು ಕತ್ತರಿಸಿ, ಮರಳಿನ ಚೀಲದ ಮೇಲಿಟ್ಟು ಸುತ್ತಿಗೆಯಿಂದ ಬಗ್ಗಿಸಿದ. ಎರಡು ಸಲ ಮಾಡಿದರೂ ಕಮಾನಿನ ಹೊರಳಿನಲ್ಲಿ ಅದು ಏಳುತ್ತಿತ್ತು. ಟೈಲರಮ್ಮ ನೋಡುವಷ್ಟು ನೋಡಿ, ಕೊನೆಗೆ ರಟ್ಟನ್ನು ತನ್ನ ಕೈಗೆ ತೆಗೆದುಕೊಂಡಳು. ತೋಳನ್ನು ಕಂಕುಳಿಗೆ ಕೂರಿಸುವಾಗ ಮಾಡುವಂತೆ ಒಳಅಂಚಿನಲ್ಲಿ ಮೂರು ಕಡೆ ಸೀಳು ಕೊಟ್ಟಳು. ಸೀಳಿದ ಅಂಚುಗಳನ್ನು ಒಂದರ ಮೇಲೊಂದು ಹತ್ತಿಸಿ ಹಿಡಿದಾಗ ರಟ್ಟು ಚಕ್ರದ ಮೇಲೆ ಸುಮ್ಮನೆ ಕೂತಿತು. ಮೇಸ್ತ್ರಿ ರಟ್ಟನ್ನೂ ಅವಳನ್ನೂ ಒಂದು ಸಲ ನೋಡಿದ. ಅದೇ ಪ್ರಕಾರ ತಗಡು ಕತ್ತರಿಸಿದ. ಅದೂ ಕೂತಿತು.

ಆಮೇಲೆ ಅವನು ಕೈ ಒರೆಸಿಕೊಳ್ಳುತ್ತ, ಅವಳ ಕಡೆ ನೋಡದೆಯೇ ಹೇಳಿದ, ಎಡಗಡೆ ಒಡೆಯಬೇಕಾಗಿಲ್ಲ, ಡಿಕ್ಕಿಯೊಳಗಿನ ಹಾಸು ಎತ್ತಿದರೆ ಕೈ ತೂರುವಷ್ಟು ಕಿಂಡಿ ಇದೆ, ಒಂದು ಕನ್ನಡಿ ಸಿಕ್ಕಿದರೆ ಒಳಮೈ ಕಾಣಬಹುದು.

ಅವಳು ಮನೆಗೆ ಓಡಿ ಪುಟ್ಟ ಕೈಗನ್ನಡಿ, ಅಳತೆ ಕೋಲು, ಟಾರ್ಚು ತಂದಳು. ಮಾವನೂ ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಬಂದರು. ಕನ್ನಡಿಯನ್ನು ಕೋಲಿನ ತುದಿಗೆ ದಾರದಿಂದ ಬಿಗಿದು, ಕಿಂಡಿಯೊಳಗೆ ಇಳಿಸಿ, ಟಾರ್ಚಿನ ಬೆಳಕು ಬಿಟ್ಟಳು. ಬಿಳಿ ಕಾಣಿಸಿತು. ಬಿಳಿಯ ಮೇಲೆ ನೀಲಿಯ ಸುರುಳಿಗಳು. ಆದರೆ ಎಲ್ಲ ತಿರುಗುಮುರುಗು. ಎಷ್ಟು ಕಣ್ಣು ಕಿರಿದು ಮಾಡಿದರೂ ಅವಳಿಗೆ ಓದಲಾಗಲಿಲ್ಲ.

"ಸರಿ ಆಚೆಗೆ," ಎಂದರು ಮಾವ. ನಲವತ್ತು ವರ್ಷ ತಿರುಗಿದ ಅಕ್ಷರಗಳನ್ನೇ ಓದಿ ಅನ್ನ ತಿಂದವರು. ಡಿಕ್ಕಿಯೊಳಗೆ ಅರ್ಧ ದೇಹ ತೂರಿಸಿದರು. ಒಳಗಿನಿಂದ ಅವರ ದನಿ ಕೇಳಿಸಿತು. "ಮೇಲಿನ ಸಾಲು, ಹೆರಿಗೆ. ಆಮೇಲೆ ತುಂಡಾಗಿದೆ. ಕೆಳಗಿನ ಸಾಲಲ್ಲಿ ಒಂದೇ ಅಕ್ಷರ." ಟಾರ್ಚಿನ ಬೆಳಕು ಅತ್ತಿತ್ತ ಸರಿಯಿತು. "ಕೂ."

ಅವರು ಹೊರಗೆ ಬಂದು ಬೆನ್ನು ನೆಟ್ಟಗೆ ಮಾಡಿಕೊಂಡರು. ಮುಖದಲ್ಲಿ ಗೆದ್ದ ಖುಷಿ ಇರಲಿಲ್ಲ.

"ಹೆರಿಗೆ ಹೊತ್ತಲ್ಲಿ ಕೂಗಬೇಡಿ," ಎಂದು ತಮ್ಮಷ್ಟಕ್ಕೆ ಜೋಡಿಸಿದರು. "ಯಾರಮ್ಮ ಇದನ್ನ ಬರೆಸಿದ್ದು?"

ಟೈಲರಮ್ಮ ಕನ್ನಡಿಗೆ ಕಟ್ಟಿದ ದಾರ ಬಿಚ್ಚತೊಡಗಿದಳು. ಅವಳ ಮಗಳು ಹುಟ್ಟಿದ್ದು ಬೇರೊಂದು ಊರಿನಲ್ಲಿ. ಅಲ್ಲಿ ಇಂಥ ಫಲಕವೇನೂ ಇರಲಿಲ್ಲ. ಆದರೂ ಅಂದು ಪಕ್ಕದ ಮಂಚದವರು ಏನೆಂದುಕೊಂಡಾರೋ ಎಂದು ದಿಂಬಿನ ಮೂಲೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದದ್ದು ನೆನಪಾಯಿತು. ಮಗಳು ಈಗ ಮದುವೆಯಾಗಿ ಪಕ್ಕದ ಊರಿನಲ್ಲಿದ್ದಾಳೆ. ಆ ದಿಂಬಿನ ಬಟ್ಟೆಯ ರುಚಿ ಮಾತ್ರ ಇನ್ನೂ ಬಾಯಲ್ಲಿದೆ.

ಗುರುವಾರ ಅವಳು ತಗಡನ್ನು ಹಳೆಯ ಬಟ್ಟೆಯಲ್ಲಿ ಸುತ್ತಿಕೊಂಡು ಸಿಸ್ಟರಮ್ಮನ ಮನೆಗೆ ಹೋದಳು. ಎರಡನೆಯ ಮಹಡಿಯ ಸಣ್ಣ ಮನೆ. ಕಿಟಕಿಯ ಹತ್ತಿರ ಒಂದು ಕುರ್ಚಿ, ಎದುರಿಗೆ ರೇಡಿಯೋ. ಕಾರಿನ ಆರೋಗ್ಯ ವಿಚಾರಿಸಿ ಸಿಸ್ಟರಮ್ಮ ಚಹಾ ಕೊಟ್ಟರು. ತಪಾಸಣೆ, ತುಕ್ಕು, ಮೇಸ್ತ್ರಿ ಎಲ್ಲವನ್ನೂ ಹೂಂಗುಟ್ಟುತ್ತ ಕೇಳಿದರು. ಹಳೆಯ ತೇಪೆಯ ಸುದ್ದಿ ಬಂದದ್ದೇ, ಅದೆಲ್ಲ ನನಗೆ ನೆನಪಿಲ್ಲ, ಆ ಗ್ಯಾರೇಜಿನವನು ಏನು ಹಾಕಿದನೋ ಏನೋ ಎಂದು ಮಾತು ಬದಲಿಸಿ, ಮಗಳ ಯೋಗಕ್ಷೇಮ ಕೇಳತೊಡಗಿದರು. ಟೈಲರಮ್ಮ ಮಗಳ ಯೋಗಕ್ಷೇಮವನ್ನೂ ಹೇಳಿದಳು. ಆಮೇಲೆ ಬಟ್ಟೆಯ ಸುತ್ತು ಬಿಚ್ಚಿ ತಗಡನ್ನು ಮಡಿಲಲ್ಲಿಟ್ಟುಕೊಂಡಳು. ಕೊನೆಗೆ ಸಿಸ್ಟರಮ್ಮನೇ ಕೇಳಿದರು.

"ಎಷ್ಟು ಅಕ್ಷರ ಕಾಣಿಸ್ತು?"

"ಎಲ್ಲಾ ಕಾಣಿಸ್ತು, ಸಿಸ್ಟರಮ್ಮ."

ಅವರು ಕೈ ಚಾಚಿದರು. ಟೈಲರಮ್ಮ ತಗಡನ್ನು ಕೈಗಿಟ್ಟಳು. ಮಂಜುಗಣ್ಣಿಗೆ ಕಾಣದಿದ್ದರೂ ದಪ್ಪ ಬಣ್ಣದ ಅಂಚಿನ ಮೇಲೆ ಬೆರಳಾಡಿಸುತ್ತ ಒಂದೊಂದೇ ಅಕ್ಷರ ಗುರುತಿಸಿದರು. ಆಮೇಲೆ ಹತ್ತೊಂಬತ್ತು ವರ್ಷ ಬಾಯಿ ಬಿಡದಿದ್ದದ್ದನ್ನು ಹೇಳಿದರು.

ಆಗ ಆಸ್ಪತ್ರೆಗೆ ಹೊಸ ಮೇಲ್ವಿಚಾರಕರು ಬಂದಿದ್ದರಂತೆ. ಅವರ ಕಚೇರಿ ಹೆರಿಗೆ ವಾರ್ಡಿನ ನೇರ ಮೇಲೆ. ಕೂಗು ಕೇಳಿದರೆ ಕೆಲಸ ಸಾಗುವುದಿಲ್ಲ ಎಂದು ಫಲಕ ಬರೆಸಿ, ಮಂಚಗಳಿಗೆ ಎದುರಾಗಿ ಗೋಡೆಗೆ ಹೊಡೆಸಿದರು. ಎಲ್ಲರೂ ಒಳಗೊಳಗೇ ಬೈದುಕೊಂಡರು, ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಸಿಸ್ಟರಮ್ಮನೂ ಅನ್ನಲಿಲ್ಲ. ಎರಡು ತಿಂಗಳು ಹೀಗೇ ನಡೆಯಿತು. ಒಂದು ದಿನ ಬೆಳಿಗ್ಗೆ ಚೊಚ್ಚಲ ಹೆರಿಗೆಗೆ ಬಂದ ಹುಡುಗಿಯೊಬ್ಬಳು ಆ ಫಲಕದ ಮೇಲೇ ಕಣ್ಣು ನೆಟ್ಟು, ತುಟಿ ಕಚ್ಚಿ ಕಚ್ಚಿ ರಕ್ತ ಬರಿಸಿಕೊಂಡಿದ್ದಳು.

"ನನ್ನ ಕೈ ಹಿಡ್ಕೊಂಡು ಕೇಳಿದ್ಲು, 'ಸಿಸ್ಟರ್, ಒಂದೇ ಒಂದು ಸಲ ಕೂಗ್ಲಾ?' ಅಂತ. ಅಪ್ಪಣೆ ಕೇಳಿದ್ಲು ಕಣಮ್ಮ."

ಅಂದು ಮಧ್ಯಾಹ್ನ ಕಚೇರಿಯವರು ಊಟಕ್ಕೆ ಹೋದಾಗ, ದಾರ ಕತ್ತರಿಸುವ ಕತ್ತರಿಯ ತುದಿಯಿಂದ ನಾಲ್ಕು ಸ್ಕ್ರೂ ಬಿಚ್ಚಿ, ಫಲಕವನ್ನು ಹಾಸಿಗೆಯ ಬಟ್ಟೆಯಲ್ಲಿ ಸುತ್ತಿ ಹೊರಗೆ ತಂದರು. ಕಾರು ತುಕ್ಕಿನ ಕೆಲಸಕ್ಕೆಂದು ಆಸ್ಪತ್ರೆಯ ಹಿಂದಿನ ಗ್ಯಾರೇಜಿನಲ್ಲೇ ನಿಂತಿತ್ತು. ತಗಡಿಗೆ ಪರದಾಡುತ್ತಿದ್ದ ಗ್ಯಾರೇಜಿನವನ ಮುಂದೆ ಅದನ್ನಿಟ್ಟು, ಯಾರ ಕಣ್ಣಿಗೂ ಬೀಳದ ಜಾಗಕ್ಕೆ ಹಾಕು, ಕೆಸರು ಬೀಳುವ ಜಾಗವಾದರೆ ಇನ್ನೂ ಒಳ್ಳೆಯದು ಎಂದರು.

ಟೈಲರಮ್ಮನಿಗೆ ನಗು ತಡೆಯಲಾಗಲಿಲ್ಲ. ಸಿಸ್ಟರಮ್ಮನೂ ನಕ್ಕರು. ಆದರೆ ಅವರ ನಗು ಅರ್ಧದಲ್ಲೇ ನಿಂತಿತು.

ವಿಚಾರಣೆಗೆ ಮೂವರ ಸಮಿತಿ ಕೂತಿತ್ತು. ಎಲ್ಲರಿಂದಲೂ ಹೇಳಿಕೆ ಬರೆಸಿಕೊಂಡರು. ತನಗೆ ಗೊತ್ತಿಲ್ಲ ಎಂದು ಸಿಸ್ಟರಮ್ಮನೂ ಬರೆದುಕೊಟ್ಟರು. ಅದೇ ದಿನ ಫ್ಯಾನು ಒರೆಸಲು ಏಣಿ ಹಾಕಿದ್ದ ಆಯಾಳ ಮೇಲೆ ಅನುಮಾನ ಬಿತ್ತು. ಹೆರಿಗೆ ವಾರ್ಡಿನಲ್ಲಿ ಎಷ್ಟೋ ಕೂಸುಗಳಿಗೆ ಮೊದಲ ಸ್ನಾನ ಮಾಡಿಸಿದ್ದವಳನ್ನು ನೆಲಮಾಳಿಗೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಹಾಕಿದರು. ನಿವೃತ್ತಿಯವರೆಗೆ ಆರು ವರ್ಷ ಅವಳು ಅಲ್ಲೇ ಇದ್ದಳು. ಫಲಕ ಮತ್ತೆ ಏಳಲಿಲ್ಲ. ಸಿಸ್ಟರಮ್ಮನೂ ಬಾಯಿ ಬಿಡಲಿಲ್ಲ.

"ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ಹತ್ತೊಂಬತ್ತು ವರ್ಷ ಆಯ್ತು," ಎಂದರು. "ಕಾರು ನಿಂಗೆ ಕೊಟ್ಟಾಗ, ಸದ್ಯ ಪೀಡೆ ತೊಲಗಿತು ಅಂದ್ಕೊಂಡೆ. ನೀನು ನೋಡಿದ್ರೆ ಕೈಲಿ ಹಿಡ್ಕೊಂಡು ಬಂದಿದೀಯ."

ಇದರಲ್ಲಿ ತನ್ನದು ಇನ್ನೇನೂ ಇಲ್ಲ, ತಗಡು ಇಟ್ಟು ಎದ್ದು ಬರಬಹುದು ಎಂದು ಟೈಲರಮ್ಮನಿಗೆ ಅನ್ನಿಸಿತು. ಆದರೆ ಬಾಯಿ ಕೇಳಬೇಕಲ್ಲ. ಆ ಆಯಾ ಈಗ ಎಲ್ಲಿದ್ದಾರೆ ಎಂದು ಕೇಳಿಯೇಬಿಟ್ಟಳು.

ಶನಿವಾರದ ಹೊತ್ತಿಗೆ ಮಡ್‌ಗಾರ್ಡಿನ ಕೆಲಸ ಮುಗಿಯಿತು. ಒಂದೇ ಕಡೆ ಕಾಯಿಸಿದರೆ ತಗಡು ಸೊಟ್ಟಗಾಗುತ್ತದೆಂದು ಮೇಸ್ತ್ರಿ ಅಲ್ಲೊಂದು ಇಲ್ಲೊಂದು ಚುಕ್ಕೆಯಿಟ್ಟು ಬೆಸುಗೆ ಹಾಕಿದ. ಅವಳು ಹೊಲಿಗೆಗೆ ಮುಂಚೆ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕುವ ಹಾಗೆ. ಉಜ್ಜಿ ನಯ ಮಾಡಿ, ತುಕ್ಕು ತಡೆಯುವ ಕೆಂಪು ಬಣ್ಣ ಬಳಿದು, ಒಳಮಡಿಕೆಗೆ ಮೇಣ ಸುರಿದು, ನೀರಿಳಿಯುವ ತೂತನ್ನು ತಂತಿಯಿಂದ ಬಿಡಿಸಿದ. ಕೊನೆಯ ಬಣ್ಣ ಒಣಗಿದ ಮೇಲೆ ಹೊಸದು ಯಾವುದು ಹಳೆಯದು ಯಾವುದು ಎಂದು ಅವಳಿಗೂ ತಿಳಿಯಲಿಲ್ಲ. ಸೋಮವಾರ ತಪಾಸಣೆಯ ಅಧಿಕಾರಿ ಒತ್ತಿ, ತಟ್ಟಿ, ತಕರಾರಿಲ್ಲದೆ ಮುದ್ರೆ ಒತ್ತಿಕೊಟ್ಟ.

ಬುಧವಾರ ಬೆಳಿಗ್ಗೆ ಅದೇ ಕಾರಿನಲ್ಲಿ ಸಿಸ್ಟರಮ್ಮನನ್ನು ಕೂರಿಸಿಕೊಂಡು ಹೊರಟಳು. ಊರಿನ ಆ ತುದಿಯಲ್ಲಿ, ರೈಲು ಹಳಿಯ ಪಕ್ಕದ ವಠಾರದಲ್ಲಿ ಆಯಾಳ ಮನೆ. ಎಪ್ಪತ್ತು ದಾಟಿದ ಗಟ್ಟಿಮುಟ್ಟಾದ ಹೆಂಗಸು. ಸಿಸ್ಟರಮ್ಮನನ್ನು ಕಂಡು ಹಿಗ್ಗಿ ಹೀರೇಕಾಯಿಯಾದಳು. ಕೈ ಹಿಡಿದು ಒಳಗೆ ಕರೆದೊಯ್ದು, ಇದ್ದ ಒಂದೇ ಕುರ್ಚಿ ಎಳೆದು ಕೊಟ್ಟಳು. ಸಿಸ್ಟರಮ್ಮ ಕೂರದೆ, ನಿಂತೇ ಎಲ್ಲವನ್ನೂ ಹೇಳಿದರು. ಆಮೇಲೆ ತಗಡನ್ನು ಮಂಚದ ಮೇಲಿಟ್ಟರು.

ಆಯಾ ಅದನ್ನು ನೋಡಿದಳು. ಮುಟ್ಟಲಿಲ್ಲ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಆ ನೀಲಿಯನ್ನು ಅವಳು ಎರಡು ತಿಂಗಳು ದಿನಾ ಒರೆಸಿದ್ದಳು.

"ಹಂಗಾದ್ರೆ ಕೋಳಿಗೂಡಲ್ಲಿ ಇರಲಿಲ್ವಾ ಇದು?" ಎಂದಳು.

ಇಬ್ಬರಿಗೂ ತಲೆಬುಡ ತಿಳಿಯಲಿಲ್ಲ. ಆಯಾ ಮಂಚದ ಅಂಚಿನಲ್ಲಿ ಕೂತು ಬಿಡಿಸಿ ಹೇಳಿದಳು. ಅದೇ ವಾರ್ಡಿನಲ್ಲಿ ಅವಳ ನಾದಿನಿ ಕಸ ಗುಡಿಸುತ್ತಿದ್ದಳು. ಆ ತಿಂಗಳು ನಾದಿನಿ ಕೋಳಿಗೂಡಿಗೆ ಮಾಡು ಹಾಕಲು ಒಂದು ತಗಡು ಸಿಕ್ಕೀತೇ ಎಂದು ಕಂಡಕಂಡವರನ್ನು ಕೇಳಿಕೊಂಡು ತಿರುಗಿದ್ದಳು. ಫಲಕ ಮಾಯವಾಯಿತು, ಕೋಳಿಗೂಡಿಗೆ ಮಾಡು ಬಂತು. ಕದ್ದವಳು ಅವಳು, ನೆಲಮಾಳಿಗೆಗೆ ಇಳಿದವಳು ತಾನು ಎಂದು ಆಯಾ ನಂಬಿಬಿಟ್ಟಳು. ಒಮ್ಮೆ ಯಾರೂ ಇಲ್ಲದಾಗ ಹೋಗಿ ಗೂಡಿನ ಮೇಲೆ ಹತ್ತಿಯೂ ನೋಡಿದ್ದಳು. ಮಾಡಿಗೆ ಟಾರು ಬಳಿದಿತ್ತು. ಗುರುತು ಮರೆಸಲೆಂದೇ ಬಳಿದಿದ್ದಾಳೆ ಎಂದುಕೊಂಡು ಇಳಿದು ಬಂದಳು. ಅಂದಿನಿಂದ ಮಾತಿಲ್ಲ. ಅವಳ ಮಗಳ ಮದುವೆಗೂ ಹೋಗಲಿಲ್ಲ. ಮಾತಾಡದ್ದಕ್ಕೆ ಕಾರಣವನ್ನೂ ಹೇಳಲಿಲ್ಲ.

"ಅಣ್ಣ ಸತ್ತಾಗ ಮನೆಗೆ ಬಂದಿದ್ಲು," ಎಂದಳು ಆಯಾ. "ಬಾಗಿಲಲ್ಲೇ ನಿಂತಿದ್ಲು. ಒಳಗೆ ಬಾ ಅನ್ನಲಿಲ್ಲ ನಾನು. ಅವಳ ಸ್ವಂತ ಅಣ್ಣ, ಸಿಸ್ಟರ್. ನನ್ನ ಗಂಡ."

ಸಿಸ್ಟರಮ್ಮ ಕುರ್ಚಿಯ ಬೆನ್ನನ್ನು ಹಿಡಿದು ನಿಂತರು. ಅವರಿಗೆ ನೆಲಮಾಳಿಗೆಯ ಸಂಗತಿ ಗೊತ್ತಿತ್ತು. ಇದು ಗೊತ್ತಿರಲಿಲ್ಲ. ಕ್ಷಮಿಸು ಎಂದೇನೋ ಹೇಳಹೋದರು, ಆಯಾ ಕೈ ಎತ್ತಿ ತಡೆದಳು. ಟೈಲರಮ್ಮ ಗೋಡೆಗೆ ಆತು ನಿಂತಿದ್ದಳು. ನೋಡಬೇಕೆಂಬ ಚಟಕ್ಕೆ ತಾನು ಏನನ್ನು ಕೆರೆದು ಎಬ್ಬಿಸಿದೆ ಎಂದುಕೊಂಡಳು. ಗುಜರಿಯ ರಾಶಿಯಿಂದ ಆ ತಗಡನ್ನು ಎತ್ತದೇ ಇದ್ದಿದ್ದರೆ ಎಂದು ಮೊದಲ ಸಲ ಅನ್ನಿಸಿತು.

ಆಯಾ ಎದ್ದಳು. ಮುಖ ತೊಳೆದು, ತಲೆ ಬಾಚಿ, ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟು ಬಂದಳು. ತಗಡನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿ ಇರುಕಿಕೊಂಡಳು. ಟೈಲರಮ್ಮನ ಕಡೆ ತಿರುಗಿ, ಕಾರು ಎಷ್ಟು ದೂರ ಓಡುತ್ತದೆ ಎಂದು ಕೇಳಿದಳು. ಎಷ್ಟು ಬೇಕಾದರೂ ಎಂದಳು ಟೈಲರಮ್ಮ. ಆಯಾ ಮುಂದಿನ ಸೀಟಿನಲ್ಲಿ ಕೂತಳು. ಸಿಸ್ಟರಮ್ಮ ಹಿಂದೆ. ಮುಕ್ಕಾಲು ಗಂಟೆಯ ದಾರಿಯುದ್ದಕ್ಕೂ ಆಯಾ ಬಲಕ್ಕೆ, ಎಡಕ್ಕೆ ಎಂದು ದಾರಿ ತೋರಿಸಿದಳು.

ನಾದಿನಿಯ ಮನೆಯ ಮುಂದೆ ಗೇಟಿತ್ತು. ಕೋಳಿಗೂಡು ಇರಲಿಲ್ಲ, ಅದರ ಜಾಗದಲ್ಲಿ ಮೊಮ್ಮಗನ ಸೈಕಲ್ಲು ನಿಂತಿತ್ತು. ಯಾರೂ ಜೊತೆಗೆ ಬರಬೇಡಿ ಎಂದು ಹೇಳಿ ಆಯಾ ಇಳಿದಳು. ಬಾಗಿಲು ತೆರೆದ ತೆಳ್ಳನೆಯ ಮುದುಕಿಗೆ ಅವಳನ್ನು ಗುರುತಿಸಲು ಸ್ವಲ್ಪ ಹೊತ್ತು ಹಿಡಿಯಿತು. ಗುರುತಿಸಿದ ಮೇಲೂ ದಾರಿ ಬಿಡಲಿಲ್ಲ. ಆಯಾ ಹೊಸ್ತಿಲಾಚೆ ನಿಂತೇ ಏನೋ ಹೇಳುತ್ತಿರುವುದು ಕಾರಿನಿಂದ ಕಾಣಿಸಿತು, ಕೇಳಿಸಲಿಲ್ಲ. ಬಟ್ಟೆ ಬಿಚ್ಚಿ ತಗಡು ತೋರಿಸಿದಳು. ಬಹಳ ಹೊತ್ತಿನ ನಂತರ ಮುದುಕಿ ಪಕ್ಕಕ್ಕೆ ಸರಿದಳು. ಇಬ್ಬರೂ ಒಳಗೆ ಹೋದರು.

"ಏನಾಗ್ತಿದೆ?" ಎಂದು ಹಿಂದಿನಿಂದ ಸಿಸ್ಟರಮ್ಮ ಕೇಳಿದರು.

"ಬಾಗಿಲು ಹಾಕ್ಕೊಂಡ್ರು," ಎಂದಳು ಟೈಲರಮ್ಮ. ಜನ್ಮದಲ್ಲಿ ಮೊದಲ ಬಾರಿಗೆ ಅವಳಿಗೆ ಆ ಬಾಗಿಲ ಹಿಂದೆ ಕಿವಿಯಿಡುವ ಆಸೆ ಆಗಲಿಲ್ಲ. ಅಥವಾ ಆಯಿತು, ಆದರೆ ಸ್ಟೀರಿಂಗು ಬಿಟ್ಟು ಏಳಲಿಲ್ಲ.

ಗಂಟೆಯ ಮೇಲೆ ಗಂಟೆಯಾಯಿತು. ಆಯಾ ಹೊರಗೆ ಬಂದಾಗ ಕಣ್ಣು ಕೆಂಪಾಗಿದ್ದವು, ಕೈಯಲ್ಲಿ ತಗಡು ಇರಲಿಲ್ಲ. ಗೇಟಿನವರೆಗೆ ನಾದಿನಿ ಬಂದು ನಿಂತಿದ್ದಳು. ನಗಲಿಲ್ಲ, ಕೈ ಬೀಸಲಿಲ್ಲ, ಕಾರು ಹೊರಡುವವರೆಗೂ ಒಳಗೆ ಹೋಗಲೂ ಇಲ್ಲ.

"ಬೈದಳಾ?" ಎಂದು ಸಿಸ್ಟರಮ್ಮ ಕೇಳಿದರು.

"ಬೈಯ್ಲಿಲ್ಲ. ಊಟ ಹಾಕಿದ್ಲು. ಉಪ್ಪು ಜಾಸ್ತಿ, ಮೊದಲಿಂದಲೂ ಹಂಗೇ." ಆಯಾ ಸೀಟಿಗೆ ಒರಗಿ ಕಣ್ಣು ಮುಚ್ಚಿದಳು. "ಬರೋ ವಾರ ಬಾ ಅಂದಿದಾಳೆ. ಮಗಳನ್ನೂ ಕರೆಸ್ತಾಳಂತೆ."

ಹಳಿಯ ಪಕ್ಕದ ವಠಾರದ ಮುಂದೆ ಕಾರು ನಿಂತಿತು. ಇಳಿದ ಮೇಲೆ ಆಯಾ ಹಿಂದಿನ ಕಿಟಕಿಗೆ ಬಗ್ಗಿದಳು.

"ನಿಮ್ಮ ಮೇಲಿನ ಸಿಟ್ಟು ನಂಗೆ ಹಾಗೇ ಇದೆ, ಸಿಸ್ಟರ್. ಅದಕ್ಕೆ ಬೇರೇನೇ ಒಂದು ದಿನ ಬೇಕು. ಬಿಡುವು ಮಾಡ್ಕೊಂಡು ನಾನೇ ಬರ್ತೀನಿ."

"ಬಾ," ಎಂದರು ಸಿಸ್ಟರಮ್ಮ. "ಮನೇಲೇ ಇರ್ತೀನಿ."

ಆಯಾ ತಲೆಯಾಡಿಸಿ ವಠಾರದೊಳಗೆ ನಡೆದಳು. ಟೈಲರಮ್ಮ ಗಾಡಿ ತಿರುಗಿಸಿದಳು. ಸ್ವಲ್ಪ ದೂರ ಹೋದ ಮೇಲೆ ಸಿಸ್ಟರಮ್ಮ, ಮುಂದೆ ಬಂದು ಕೂರಲೇ ಎಂದು ಕೇಳಿದರು. ಅವಳು ರಸ್ತೆಯ ಬದಿಗೆ ನಿಲ್ಲಿಸಿ, ಇಳಿದು, ಅವರ ಕೈ ಹಿಡಿದು ಮುಂದಿನ ಸೀಟಿಗೆ ಕರೆತಂದಳು.